ಪ್ರಾರ್ಥನೆ ಮುಗಿಸಿ ಎಸಿ ಆಫೀಸಿಗೆ ಹೋಗೋಣ

ಫೆಬ್ರವರಿ 8 ಸಂತ ಜೋಸೆಫಿನ್ ಬಖಿತಾ ಹಬ್ಬ. 2015ರಿಂದ ಕ್ಯಾಥೊಲಿಕ್ ಚರ್ಚು ಅಂದು ಮಾನವ ಕಳ್ಳಸಾಗಣೆ ವಿರುದ್ಧ ಪ್ರಾರ್ಥಿಸುತ್ತದೆ. ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಆ ಪ್ರಾರ್ಥನೆಗೆ ಅರ್ಥವೇನು?

ಇಲ್ಲಿಂದ ಮುಂಬೈ, ಪುಣೆಗೆ ಗುಳೆ ಹೋಗೋದೆಲ್ಲ ಸಾಗಣೆಯಲ್ಲ. ಆದ್ರೆ ಮುಂಗಡ ತೀರೋವರೆಗೂ ಊರಿಗೆ ಬಿಡಲ್ಲ ಅಂದ್ರೆ ಅದು ಜೀತ. 1976ರ ಕಾಯ್ದೆ ಪ್ರಕಾರ ಆ ಸಾಲವೇ ರದ್ದು.

ಸುಡಾನಿನಿಂದ ಗುಲಾಮಳಾಗಿ ಇಟಲಿಗೆ ಬಂದ ಬಖಿತಾಗೆ ಕಾನ್ವೆಂಟು ಆಸರೆ ಕೊಟ್ಟಿತು, ಯಜಮಾನಿ ಕರೆದೊಯ್ಯಲು ಬಂದಾಗ ಅಧಿಕಾರಿಗಳಿಗೆ ದೂರಿತು. 1889ರಲ್ಲಿ ಕೋರ್ಟು ಆಕೆ ಸ್ವತಂತ್ರಳು ಎಂದಿತು.

ಕಲಬುರಗಿಯ ಚರ್ಚುಗಳಿಗೂ ದಾರಿ ಅದೇ ಅಂತೀನಿ ನಾನು: ಮುಂಗಡದ ಲೆಕ್ಕ ಬರೆದಿಡಿ, ಬಿಡುಗಡೆ ಪತ್ರಕ್ಕಾಗಿ ಸಹಾಯಕ ಆಯುಕ್ತರ ಬಾಗಿಲು ತಟ್ಟಿ. ಮತಾಂತರದ ಗುಮಾನಿ ಎದ್ದೇ ಏಳುತ್ತೆ. ಬಿಡಿಸಿದವರನ್ನು ಚರ್ಚಿಗಲ್ಲ, ಅವರ ಮನೆಗೇ ತಲುಪಿಸಿ.