ಮೂರನೇ ದಿನದ ಲೆಕ್ಕ ಯಾರು ಕೇಳ್ತೀರಿ?

ನಮ್ಮ ಜತ್ತ ಭಾಗದಾಗ ಎಲ್ಲರ ಬಾಯಾಗೂ ಒಂದು ಮಾತು ಐತಿ: ಮೈ ಬಗ್ಗಿಸಿ ದುಡಿದರ ಬ್ಯಾನಿ ತಾನಾಗೇ ಬಿಟ್ಟು ಹೋಗತೈತಿ. ಈ ಮಾತನ್ನ ನಾನು ಒಪ್ಪೂದಿಲ್ಲ. ದುಡಿದಷ್ಟೂ ಹೆಚ್ಚಾಗುವ ಬ್ಯಾನಿಯೂ ಒಂದು ಐತಿ. ಅದು ಬಂದವರಿಗೆ ಈ ಮಾತು ಹೇಳೋದಂದ್ರ ಬಿದ್ದವರ ಬೆನ್ನ ಮ್ಯಾಲೆ ಜೋಳದ ಚೀಲ ಹೇರಿದಂಗ.

ಅದರ ಇಂಗ್ಲಿಷ್ ಹೆಸರು ನನ್ನ ಬಾಯಿಗೆ ಹೊರಳೂದಿಲ್ಲ. ಡಾಕ್ಟರು ಎಂ.ಇ. ಅಂತಾರ, ಇಲ್ಲಾ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅಂತಾರ. ಬಹಳ ಸಲ ಒಂದು ಜ್ವರದ ಬೆನ್ನಿಗೆ ಶುರುವಾಗತೈತಿ. ಕೊರೊನಾ ಬಂದು ಹೋದ ಎಷ್ಟೋ ಮಂದಿಗೂ ಇಂಥದೇ ಉಳಿದೈತಿ. ನನಗೂ 2021ರ ಎರಡನೇ ಅಲೆಯೊಳಗ ಹಂಗೇ ಬಂತು. ಜ್ವರ ಹತ್ತು ದಿನಕ್ಕ ಇಳೀತು, ಇದು ಇನ್ನೂ ಹೋಗಿಲ್ಲ.

ಇದರ ಗುಣ ತಿಳಕೊಳ್ರಿ. ಹೊಲದಾಗ ಕಸ ತೆಗೆದವರಿಗೆ ಸಂಜಿಗೆ ದಣಿವಾಗತೈತಿ, ರಾತ್ರಿ ಮಲಗಿದರ ಮುಂಜಾನೆ ಹೋಗತೈತಿ. ಇದು ಹಂಗಲ್ಲ. ಕೆಲಸ ಮಾಡಿದ ದಿನ ನೆಟ್ಟಗೇ ಇರ್ತೀವಿ. ಮರುದಿನ, ಇಲ್ಲಾ ಮೂರನೇ ದಿನ ಮೈ ಕುಸೀತೈತಿ. ಗಂಟಲು ನೋಯತೈತಿ, ಬೆಳಕು ಕಣ್ಣಿಗೆ ಚುಚ್ಚತೈತಿ, ಸದ್ದು ತಡಕೊಳ್ಳಾಕ ಆಗೂದಿಲ್ಲ, ಸ್ವಂತ ಮೊಮ್ಮಗನ ಹೆಸರು ನೆನಪಿಗೆ ಬರೂದಿಲ್ಲ. ನಿದ್ದಿ ಮಾಡಿದರೂ ಮಾಡದಂಗ. ನಾಲ್ಕು ದಿನ ಇದ್ದೀತು, ವಾರಗಟ್ಟಲೆಯೂ ಇದ್ದೀತು. ಮೈಕೆಲಸ ಒಂದೇ ಅಲ್ಲ, ಬೀಗರ ಕೂಡ ತಾಸುಗಟ್ಟಲೆ ಮಾತಾಡಿದರೂ, ಸೊಸೈಟಿ ಸಾಲದ ಲೆಕ್ಕ ಕುಂತು ನೋಡಿದರೂ, ಜಗಳಾಡಿದರೂ ಬರತೈತಿ.

ನನ್ನ ತಕರಾರು ಈ ನಡುವಿನ ಎರಡು ದಿನದ ಮ್ಯಾಲೆ. ಮದುವಿ ಮನ್ಯಾಗ ನಾನು ಸೋಬಾನ ಪದ ಹಾಡಿದ್ದನ್ನ ಊರೆಲ್ಲಾ ಕಂಡೈತಿ. "ಹಾಡೋವಾಗ ಎಲ್ಲಿ ಹೋಗಿತ್ತವ್ವಾ ನಿನ್ನ ಬ್ಯಾನಿ?" ಅಂತ ಕೇಳಿದವರೂ ಅದೀರಿ. ಮೂರನೇ ದಿನ ಬಾಗಿಲಾ ಹಾಕ್ಕೊಂಡು ಬಿದ್ದಿದ್ದನ್ನ ನೋಡಾಕ ಒಬ್ಬರೂ ಬರಲಿಲ್ಲ. ಕಂಡದ್ದಕ್ಕಷ್ಟೇ ತೀರ್ಪು ಕೊಟ್ಟೀರಿ. ನನ್ನದೇನು, ಮುದುಕಿಗೆ ವಯಸ್ಸಾತು ಅಂತ ಬಿಟ್ಟಾರು. ಇದೇ ಬ್ಯಾನಿ ಇಪ್ಪತ್ತೈದರ ಸೊಸಿಗೆ ಬಂದರ? "ನಿನ್ನೆ ಟ್ಯಾಂಕರ್ ನೀರು ನಾಲ್ಕು ಕೊಡ ಹೊತ್ತಾಳ, ಇವತ್ತು ಏಳವಲ್ಲಳು, ನಾಟಕ" ಅಂತ ತವರಿಗೆ ಫೋನ್ ಹೋಗತೈತಿ. ಆ ನಾಲ್ಕು ಕೊಡವೇ ಅವಳನ್ನ ಕೆಡವಿದ್ದು ಅಂತ ಯಾರಿಗೂ ಹೊಳಿಯೂದಿಲ್ಲ. ಗಂಡಸರಿಗಿಂತ ಹೆಂಗಸರಿಗೇ ಇದು ಹೆಚ್ಚು ಬರತೈತಿ. ರೊಟ್ಟಿ ಬಡಿಯೋ ಕೈಯೂ ಅವರದೇ.

ದವಾಖಾನಿಗೆ ಹೋದರ ಇನ್ನೊಂದು ಸಂಕಟ. ನಾವು ಕನ್ನಡದಾಗ "ಸುಸ್ತು" ಅಂತೀವಿ, ಅಲ್ಲಿ ಮರಾಠಿಯೊಳಗ "ಅಶಕ್ತಪಣಾ" ಅಂತ ಬರಕೊಂಡು ಸಲಾಯಿನ್ ಏರಸ್ತಾರ. ರೊಕ್ಕ ಹೋಗತೈತಿ, ಸುಸ್ತು ಉಳೀತೈತಿ. ಬರೇ ಸುಸ್ತು ಅನಬ್ಯಾಡ್ರಿ. "ಕೆಲಸ ಮಾಡಿ ಎರಡು ದಿನಕ್ಕ ಬೀಳ್ತೀನಿ" ಅಂತ ಬಿಡಿಸಿ ಹೇಳ್ರಿ, ಮರಾಠಿ ಬರೋ ಹುಡುಗರನ್ನ ಜೋಡಿ ಕರಕೊಂಡು ಹೋಗ್ರಿ. ರಕ್ತ ಕಡಿಮಿ, ಥೈರಾಯ್ಡ್, ಸಕ್ಕರಿ ಬ್ಯಾನಿ, ಟಿ.ಬಿ. ಇವನ್ನೆಲ್ಲಾ ಮೊದಲು ತಪಾಸಣಿ ಮಾಡಿಸಬೇಕು. ಅವಕ್ಕ ಔಷಧ ಅದಾವ. ಇದನ್ನ ಗುಣಾ ಮಾಡೋ ಗುಳಿಗಿ ಇನ್ನೂ ಬಂದಿಲ್ಲ.

ಅದಕ್ಕೇ ಲೆಕ್ಕ ಇಡಬೇಕು ಅನ್ನೋದು. ಕ್ಯಾಲೆಂಡರಿನ್ಯಾಗ ಹಾಲಿನ ಲೆಕ್ಕ ಬರಿಯೋ ಚೌಕದೊಳಗೇ ನಾನು ಬರೀತೀನಿ: ಎಷ್ಟು ರೊಟ್ಟಿ ಬಡಿದೆ, ಎಲ್ಲಿಗೆ ನಡೆದೆ, ಯಾರು ಬಂದಿದ್ದರು. ಬಿದ್ದ ದಿನಕ್ಕ ಕೆಂಪು ಪೆನ್ನಿನ ಸೊನ್ನಿ. ಕೆಂಪು ಬಂತಂದ್ರ ಆ ದಿನದ್ದಲ್ಲ, ಹಿಂದಿನ ಎರಡು ಮೂರು ಚೌಕ ನೋಡಬೇಕು. ಎರಡು ತಿಂಗಳಿಗೆ ಕಂಡುಬಂತು: ಕುಂತು ಎಂಟು ರೊಟ್ಟಿ ಬಡಿದರ ಏನೂ ಆಗೂದಿಲ್ಲ, ಹದಿನೈದು ಬಡಿದು ಅದೇ ದಿನ ಅರಿವಿ ಒಗೆದರ ಮೂರನೇ ದಿನ ಕೆಂಪು. ಈಗ ಅರಿವಿ ದಿನಾ ಬ್ಯಾರೆ, ರೊಟ್ಟಿ ದಿನಾ ಬ್ಯಾರೆ. ಆರಾಮ ಅನಿಸಿದ ದಿನವೇ ಭಾಳ ಮೋಸದ್ದು. ಉಳಿದದ್ದೆಲ್ಲಾ ಇವತ್ತೇ ಮುಗಿಸೋಣು ಅನಸತೈತಿ.

"ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಗಿ ನಡೀರಿ, ಹೋರಿ ಪಳಗಿದಂಗ ಮೈ ಪಳಗತೈತಿ" ಅನ್ನೋ ಶಾಣ್ಯಾರಿಗೆ ಒಂದು ಮಾತು. ಇಂಗ್ಲೆಂಡಿನ ಡಾಕ್ಟರೂ ಹಿಂದ ಹಂಗೇ ಹೇಳತಿದ್ದರಂತ. 2021ರ ಅಕ್ಟೋಬರದಾಗ ಅಲ್ಲಿಯ ನೈಸ್ ಅನ್ನೋ ಸಂಸ್ಥೆ, ಈ ಬ್ಯಾನಿಯವರಿಗೆ ಹಂಗ ಹೆಚ್ಚಿಸ್ತಾ ಹೋಗೋ ವ್ಯಾಯಾಮ ಕೊಡಬಾರದು ಅಂತ ಹೊಸ ಸೂಚನೆ ಹೊರಡಿಸಿತು. ಮೊಮ್ಮಗಳು ಮೊಬೈಲಿನ್ಯಾಗ ಓದಿ ಹೇಳಿದಳು. ನಮಗಾದರೂ ಇದು ತಿಳಿಯದ್ದೇನಲ್ಲ. ಬಾವಿಯ ಸೆಲಿ ಸಣ್ಣದಾದ ಮ್ಯಾಲೆ ದೊಡ್ಡ ಮೋಟರ್ ಕೂಡಿಸಿದರ ನೀರು ಹೆಚ್ಚಾಗತೈತೇನು? ಮೋಟರ್ ಸುಡತೈತಿ. ತುಂಬಿದಷ್ಟೇ ಎತ್ತಬೇಕು, ಮತ್ತ ತುಂಬೂತನಕ ಕಾಯಬೇಕು.

ಸಾಲಿ ಗುರುಗಳೇ, ನಿಮಗೂ ಹೇಳೋದೈತಿ. ಈ ಬ್ಯಾನಿ ಮಕ್ಕಳಿಗೂ ಬರತೈತಿ. ಜ್ವರದಿಂದ ಎದ್ದ ಹುಡುಗ ಸೋಮವಾರ ಆಟಕ್ಕ ಓಡಿ, ಬುಧವಾರ ಸಾಲಿಗೆ ಬರದಿದ್ದರ, ಅದು ಮತ್ತ ಮತ್ತ ಆಗತಿದ್ದರ, ಕಳ್ಳ ಅನ್ನೂಕಿಂತ ಮೊದಲು ನಿಮ್ಮ ಹಾಜರಿ ಪುಸ್ತಕ ತೆಗೆದು ಹಿಂದಿನ ಎರಡು ದಿನ ನೋಡ್ರಿ. ಅವರಪ್ಪಗ ಹೇಳಿ ದವಾಖಾನಿಗೆ ಕಳಸ್ರಿ.

ಇನ್ನು ನನ್ನನ್ನ ಪದ ಹಾಡಾಕ ಕರಿಯೋರಿಗೆ. ಕುಂತು ಹಾಡ್ತೀನಿ, ಎರಡೇ ಪದ. ಮೂರನೇದು ಹಾಡವ್ವಾ ಅನಬ್ಯಾಡ್ರಿ. ಮರುದಿನ, ಮೂರನೇ ದಿನ ನಮ್ಮ ಮನಿಗೆ ಮಾತಾಡಾಕ ಬರಬ್ಯಾಡ್ರಿ. ರೊಟ್ಟಿ ಬಡಿಯಾಕ ಬರ್ರಿ.