ಸಸ್ಯಕೋಶದ ಕಿಂಡಿಗಳು

ವಾಡಿ, ಶಹಾಬಾದ್ ಕಡೆಯ ಕಲ್ಲಿನ ಮನೆಗಳ ಗೋಡೆ ಎಷ್ಟೇ ದಪ್ಪವಿದ್ದರೂ ಅದಕ್ಕೊಂದು ಕಿಂಡಿ ಇದ್ದೇ ಇರುವುದು. ಆದರೆ ತರಗತಿಯ ಕರಿಹಲಗೆಯ ಮೇಲೆ ನಾವು ಬರೆಯುವ ಸಸ್ಯಕೋಶಕ್ಕೆ ಸಾಮಾನ್ಯವಾಗಿ ಕಿಂಡಿಯೇ ಇರದು. ಈ ಚಿತ್ರವನ್ನು ತಿದ್ದಬೇಕೆಂಬುದು ನನ್ನ ಅಭಿಪ್ರಾಯ.

ಕೋಶಭಿತ್ತಿಯಲ್ಲಿ ಅತಿಸೂಕ್ಷ್ಮ ಕಿಂಡಿಗಳಿವೆಯೆಂಬುದನ್ನು ಎಡ್ವರ್ಡ್ ಟಾಂಗ್ಲ್ ಎಂಬ ವಿಜ್ಞಾನಿಯು 1879ರಲ್ಲಿ ಕಾಸರಕದ ಬೀಜವನ್ನು ಪರೀಕ್ಷಿಸಿ ತಿಳಿಸಿದನು. 1901ರಲ್ಲಿ ಸ್ಟ್ರಾಸ್‌ಬರ್ಗರನು ಅವಕ್ಕೆ ಪ್ಲಾಸ್ಮೊಡೆಸ್ಮಾ ಎಂಬ ಹೆಸರನ್ನಿತ್ತನು. ಅವುಗಳ ವ್ಯಾಸ ಸುಮಾರು 50 ನ್ಯಾನೊಮೀಟರ್. ಸಕ್ಕರೆಯಂತಹ ಸಣ್ಣ ಅಣುಗಳು ಸಾಂದ್ರತೆ ಹೆಚ್ಚಿರುವ ಕೋಶದಿಂದ ಕಡಿಮೆಯಿರುವ ಕೋಶಕ್ಕೆ ಈ ಮಾರ್ಗವಾಗಿ ಸಾಗುತ್ತವೆ. ಭೌತಶಾಸ್ತ್ರದಲ್ಲಿ ನಾವು ಕಲಿಸುವ ವಿಸರಣವೇ ಇದು!

ಇದರಿಂದ ನಮಗೇನು ಎಂದು ಕೇಳುವಿರಾದರೆ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ತೊಗರಿಯ ಹೊಲವನ್ನು ನೆನೆಯಿರಿ. ಬರಿಗಣ್ಣಿಗೆ ಕಾಣದ ನುಸಿಯೊಂದು ತೊಗರಿಗೆ ಗೊಡ್ಡು ರೋಗದ ವೈರಸ್ಸನ್ನು ತರುವುದು. ಸಸ್ಯಗಳ ವೈರಸ್ಸುಗಳು ತಮ್ಮದೇ ಪ್ರೋಟೀನುಗಳ ನೆರವಿನಿಂದ ಇದೇ ಕಿಂಡಿಗಳ ಮೂಲಕ ಕೋಶದಿಂದ ಕೋಶಕ್ಕೆ ಹಬ್ಬುತ್ತವೆ. ರೋಗ ತಗುಲಿದ ಗಿಡ ಹೂಬಿಡದೆ ನಿಂತರೆ ರೈತನ ವರ್ಷದ ದುಡಿಮೆ ಮಣ್ಣುಪಾಲು. ಕ್ಯಾಲೋಸ್ ಎಂಬ ವಸ್ತುವಿನಿಂದ ಕಿಂಡಿಗಳನ್ನು ಕಿರಿದುಗೊಳಿಸುವ ಉಪಾಯವೂ ಗಿಡಕ್ಕುಂಟು. ಅದನ್ನರಿಯುವ ಕೆಲಸಕ್ಕೆ ಸಸ್ಯಶಾಸ್ತ್ರಜ್ಞರಷ್ಟೇ ಸಾಲದು, ಭೌತಶಾಸ್ತ್ರದವರೂ ಬೇಕು.

ವಿದ್ಯಾರ್ಥಿಗಳೇ, ಇನ್ನು ಮುಂದೆ ಕೋಶದ ಚಿತ್ರ ಬರೆಯುವಾಗ ಕಿಂಡಿಗಳನ್ನು ಮರೆಯದಿರಿ.