ದೂರದ ಸಮಾಧಿಗಳು ಉಳಿದವು, ಊರಂಚಿನವು ಉಳಿದಾವೇ?

ಬೆಂಗಳೂರು: ರಜಾದಿನ ಬಂತೆಂದರೆ ಅತ್ತಿಗುಪ್ಪೆ, ವಿಜಯನಗರ ಭಾಗದ ಚಾರಣಪ್ರಿಯರು ಮಾಗಡಿ ರಸ್ತೆ ಹಿಡಿದು ಸಾವನದುರ್ಗಕ್ಕೆ ಹೊರಡುವುದು ವಾಡಿಕೆ. ಅಲ್ಲಿನ ಬೃಹತ್ ಬಂಡೆ, ಕೋಟೆ, ನರಸಿಂಹಸ್ವಾಮಿ ದೇಗುಲ ಎಲ್ಲರಿಗೂ ಪರಿಚಿತ. ಆದರೆ ಆ ಪರಿಸರದಲ್ಲಿ ಇತಿಹಾಸಪೂರ್ವ ಕಾಲದ ಶಿಲಾಸಮಾಧಿಗಳಿದ್ದುದನ್ನು ಬ್ರಿಟಿಷ್ ಅಧಿಕಾರಿ ಬ್ರ್ಯಾನ್‌ಫಿಲ್ 1881ರಲ್ಲೇ ದಾಖಲಿಸಿದ್ದರೆಂಬುದು ಬಹುಮಂದಿಗೆ ತಿಳಿಯದು.

ಕಬ್ಬಿಣ ಬಳಕೆಗೆ ಬಂದ ಕಾಲದ ಜನ ಸತ್ತವರ ಅಸ್ಥಿ, ಮಡಕೆ, ಆಯುಧಗಳನ್ನು ಚಪ್ಪಡಿಕಲ್ಲಿನ ಕೋಣೆಯಲ್ಲಿಯೋ ಗುಂಡಿಯಲ್ಲಿಯೋ ಇರಿಸಿ, ಮೇಲೆ ಕಲ್ಲುಮಣ್ಣಿನ ಗುಪ್ಪೆ ಒಟ್ಟಿ, ಸುತ್ತ ಗುಂಡುಗಳನ್ನು ವೃತ್ತಾಕಾರದಲ್ಲಿ ನಿಲ್ಲಿಸುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನ ಇಂತಹ ಸಮಾಧಿಗಳ ಅಧ್ಯಯನಕ್ಕೆ ಬುನಾದಿ ಹಾಕಿತು.

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನಲ್ಲಿ ಸುಮಾರು 400 ಶಿಲಾಸ್ಮಾರಕಗಳು ಉಳಿದಿವೆ. 2021ರಲ್ಲಿ ಈ ತಾಣ ಯುನೆಸ್ಕೋದ ಸಂಭಾವ್ಯ ಪಟ್ಟಿ ಸೇರಿತು. ಅವುಗಳನ್ನು ಮೋರ್ಯರ ಮನೆಗಳೆಂದು ಕರೆಯುವ ಜನರ ನಂಬಿಕೆಯಷ್ಟೇ, ಬೆಟ್ಟ ಹತ್ತಿ ನಡೆದೇ ಹೋಗಬೇಕಾದ ದುರ್ಗಮತೆಯೂ ಅವುಗಳನ್ನು ಕಾಯ್ದಿದೆ ಎನ್ನಬಹುದು. ನಗರದ ಅಂಚಿನ ಸಮಾಧಿಗಳಿಗೆ ಆ ಭಾಗ್ಯವಿಲ್ಲ. ರಸ್ತೆ, ಬಡಾವಣೆ, ಕಲ್ಲುಗಣಿಗಾರಿಕೆ ಒಂದೆಡೆಯಾದರೆ, ನಿಧಿಯಾಸೆಯ ಅಗೆತ ಇನ್ನೊಂದೆಡೆ.

ಕಾನೂನು ಇಲ್ಲವೆಂದಲ್ಲ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ರಾಜ್ಯಕ್ಕೂ 1961ರ ಪ್ರತ್ಯೇಕ ಕಾಯ್ದೆಯಿದೆ. ಆದರೆ ಈ ವಲಯಗಳ ರಕ್ಷಣೆ ಪಟ್ಟಿಯಲ್ಲಿ ಹೆಸರಿರುವ ಸ್ಮಾರಕಗಳಿಗೆ ಮಾತ್ರ. ಹೊಲದ ಬದುವಿನಲ್ಲಿ ಹೆಸರಿಲ್ಲದೆ ಬಿದ್ದಿರುವ ಕಲ್ಲುವೃತ್ತ, ಜೆಸಿಬಿ ಚಾಲಕನ ಕಣ್ಣಿಗೆ ಬರೀ ಅಡ್ಡಿ.

ದೇಗುಲ ಕುಸಿದರೆ ಮರಳಿ ಕಟ್ಟಬಹುದು. ಸಮಾಧಿಯ ಮಹತ್ವವಿರುವುದು ಮಡಕೆ ಎಲ್ಲಿತ್ತು, ಅಸ್ಥಿ ಹೇಗಿತ್ತು ಎಂಬುದರಲ್ಲಿ. ಕಲಕಿದ ಮೇಲೆ ಅದನ್ನು ಯಾವ ತಜ್ಞನೂ ಮರಳಿ ತರಲಾರ. ಬರಹವೇ ಇಲ್ಲದ ಕಾಲದ ಜನರ ಬಗ್ಗೆ ನಮಗಿರುವ ಪ್ರಮುಖ ಸಾಕ್ಷ್ಯಗಳಲ್ಲಿ ಇದೂ ಒಂದು.

ಆದ್ದರಿಂದ ಪ್ರವಾಸೋದ್ಯಮದ ಕಮಾನು, ಫಲಕಗಳಿಗಿಂತ ಮೊದಲು ಆಗಬೇಕಾದ ಕೆಲಸ ಗುರುತಿಸುವಿಕೆ. ಇಂತಹ ತಾಣಗಳನ್ನು ಗ್ರಾಮದ ಸರ್ವೆ ನಕ್ಷೆಯಲ್ಲಿ ನಮೂದಿಸಿದರೆ, ಭೂಪರಿವರ್ತನೆಗೆ ಅನುಮತಿ ನೀಡುವ ಅಧಿಕಾರಿಗೆ ಗೊತ್ತಿರಲಿಲ್ಲವೆನ್ನಲು ಆಸ್ಪದವಿರದು. ಚಾರಣಿಗರ ಪಾಲಿನ ಹೊಣೆ ಇನ್ನೂ ಸರಳ: ಚಪ್ಪಡಿ ಏರದಿರುವುದು, ಚೂರು ಮಡಕೆಯನ್ನೂ ಎತ್ತಿಕೊಳ್ಳದಿರುವುದು, ಅಗೆದ ಗುರುತು ಕಂಡರೆ ಪಂಚಾಯಿತಿಗೆ ತಿಳಿಸುವುದು.